ಪಕ್ಕದ ಸೀಟಿನವರು ಕೊಟ್ಟದ್ದೆಷ್ಟು?

ಅಮೆರಿಕದ ಸರ್ಕಾರ 1978ರಲ್ಲಿ ವಿಮಾನ ಕಂಪನಿಗಳ ಮೂಗುದಾರ ಬಿಚ್ಚಿದ, ಅಂದರೆ ದರ ಮತ್ತು ಹಾದಿಗಳ ಮೇಲಿನ ಹಿಡಿತ ಬಿಟ್ಟ ಕಥೆಯನ್ನು ಕಳೆದ ಸಂಚಿಕೆಯಲ್ಲಿ ಅರ್ಧ ಪುಟ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಅರ್ಧ ಪುಟಕ್ಕೆ ಬಗ್ಗುವಂಥವಲ್ಲ. ಹೊಸ ಓದುಗರಿಗಾಗಿ: ಇಪ್ಪತ್ತಾರು ವರ್ಷ ವಿಮಾನ ಕಂಪನಿಯೊಂದರ ಫೇರ್ ಡೆಸ್ಕ್‌ನಲ್ಲಿದ್ದವಳು ನಾನು. ಯಾವ ಸೀಟನ್ನು ಯಾವ ದಿನ ಎಷ್ಟಕ್ಕೆ ಬಿಡಬೇಕು ಅಂತ ಲೆಕ್ಕ ಹಾಕುವ ಮೇಜು ಅದು. ಪ್ರಯಾಣಿಕರು ಶಾಪ ಹಾಕುವುದು ಕೌಂಟರಿನಲ್ಲಿ ಕೂತವರಿಗೆ, ತಗಲಬೇಕಾದದ್ದು ನಮಗೆ.

ಪ್ರ: ಮೇಡಂ, ನನ್ನ ಪಕ್ಕ ಕೂತವರು ನಾನು ಕೊಟ್ಟ ದುಡ್ಡಿನ ಮೂರನೇ ಒಂದು ಭಾಗ ಕೊಟ್ಟಿದ್ದರಂತೆ. ಅದೇ ಸೀಟು, ಅದೇ ನೀರಿನ ಲೋಟ. ಇದು ಮೋಸ ಅಲ್ಲವೇ? ಎಲ್ಲರಿಗೂ ಒಂದೇ ದರ ಇದ್ದ ಕಾಲವೂ ಇತ್ತಂತಲ್ಲ?

ಉ: ನೀವು ಕೂತಿದ್ದ ವಿಮಾನ ನನ್ನಂಥವರ ಪರದೆಯ ಮೇಲೆ ಹೇಗೆ ಕಾಣುತ್ತದೆ ಗೊತ್ತೇ? ಸೀಟೂ ಇಲ್ಲ, ಕಿಟಕಿಯೂ ಇಲ್ಲ. ಒಂದು ಸಾಲು ಅಕ್ಷರ: ವೈ 9, ಬಿ 9, ಎಂ 7, ಕ್ಯೂ 2, ವಿ 0. ಒಂದೊಂದು ಅಕ್ಷರವೂ ಒಂದೊಂದು ದರ. ನಾವು ಬಕೆಟ್ ಅನ್ನುತ್ತಿದ್ದೆವು. ಪಕ್ಕದ ಅಂಕಿ ಅಂದರೆ ಆ ದರದಲ್ಲಿ ಇನ್ನೆಷ್ಟು ಸೀಟು ಮಾರಬಹುದು ಅಂತ. 9 ಅಂದರೆ ಒಂಬತ್ತು, ಇಲ್ಲವೇ ಅದಕ್ಕಿಂತ ಹೆಚ್ಚು. ನೀವು ಬುಕ್ ಮಾಡಿದ ಹೊತ್ತಿಗೆ ಅಗ್ಗದ ಬಕೆಟ್ 'ವಿ' ಸೊನ್ನೆಗೆ ಬಂದಿತ್ತು, ಪಕ್ಕದವರು ಬುಕ್ ಮಾಡಿದಾಗ ಬಂದಿರಲಿಲ್ಲ. ನಡೆದದ್ದು ಅಷ್ಟೇ.

ಒಂದೇ ದರ ಇಟ್ಟರೆ ಏನಾಗುತ್ತದೆ? ಹಾರಿದ ವಿಮಾನದ ಖಾಲಿ ಸೀಟು ಸಂಜೆಗೆ ಬಾಡಿದ ಹೂವಿದ್ದಂತೆ, ನಾಳೆ ಮಾರಲಾಗುವುದಿಲ್ಲ. ಹಾರುವುದು ಹೇಗೂ ಖಚಿತವಾದ ವಿಮಾನಕ್ಕೆ ಒಬ್ಬರು ಹೆಚ್ಚಿಗೆ ಹತ್ತಿದರೆ ಆಗುವ ಖರ್ಚು ಚಿಲ್ಲರೆ. ಹಾಗಾಗಿ ಬಂದಷ್ಟಕ್ಕೆ ಮಾರೋಣ ಅನ್ನಿಸುತ್ತದೆ. ಆದರೆ ಎಲ್ಲ ಸೀಟನ್ನೂ ಬಂದಷ್ಟಕ್ಕೆ ಮಾರಿದರೆ ವಿಮಾನದ ಕಂತು ಕಟ್ಟುವವರಿಲ್ಲ. ನಾಳೆ ಬೆಳಿಗ್ಗೆ ಹೋಗಲೇಬೇಕು ಅಂತ ಕೊನೆಯ ಗಳಿಗೆಯಲ್ಲಿ ಬರುವವರು ಎಷ್ಟಾದರೂ ಕೊಡುತ್ತಾರೆ. ಅವರಿಗಾಗಿ ನಾಲ್ಕು ಸೀಟು ತೆಗೆದಿಟ್ಟು, ಉಳಿದದ್ದನ್ನು ಮೊದಲೇ ಬಂದವರಿಗೆ ಅಗ್ಗಕ್ಕೆ ಬಿಡುವುದೇ ನಮ್ಮ ಕಸುಬು.

ಈ ಕಸುಬು ಎಷ್ಟು ಹರಿತ ಅಂತ ಮೊದಲು ತೋರಿಸಿದ್ದು ಅಮೆರಿಕನ್ ಏರ್‌ಲೈನ್ಸ್. 1981ರಲ್ಲಿ ನೆವಾರ್ಕ್‌ನಿಂದ ಪೀಪಲ್ ಎಕ್ಸ್‌ಪ್ರೆಸ್ ಅನ್ನೋ ಕಂಪನಿ ಶುರುವಾಗಿತ್ತು. ಎಲ್ಲರಿಗೂ ಅಗ್ಗ, ದುಡ್ಡನ್ನು ವಿಮಾನದೊಳಗೇ ಕೊಟ್ಟರಾಯಿತು. ಜನ ಮುಗಿಬಿದ್ದರು. 1985ರ ಜನವರಿಯಲ್ಲಿ ಅಮೆರಿಕನ್ ತನ್ನ ಕಂಪ್ಯೂಟರಿನ ಬಲದಿಂದ, ವಾರಗಟ್ಟಲೆ ಮೊದಲೇ ಕೊಂಡವರಿಗಷ್ಟೇ ಅದಕ್ಕೆ ಸರಿಸಮನಾದ ಅಗ್ಗದ ದರ ಕೊಟ್ಟು, ಕೊನೆಯ ಸೀಟುಗಳನ್ನು ದುಬಾರಿಯಾಗಿಯೇ ಇಟ್ಟುಕೊಂಡಿತು. ಪೀಪಲ್ ಎಕ್ಸ್‌ಪ್ರೆಸ್ ಹತ್ತಿರ ಅಂಥ ಕಂಪ್ಯೂಟರ್ ಇರಲಿಲ್ಲ. ಮರುವರ್ಷವೇ ಅದನ್ನು ಇನ್ನೊಬ್ಬರಿಗೆ ಮಾರಬೇಕಾಯಿತು.

ಇನ್ನು 'ಎಲ್ಲರಿಗೂ ಒಂದೇ ದರ'ದ ಕಾಲ. ಇತ್ತು. 1938ರಿಂದ ನಾಲ್ಕು ದಶಕ ಅಮೆರಿಕದಲ್ಲಿ ಸಿವಿಲ್ ಏರೋನಾಟಿಕ್ಸ್ ಬೋರ್ಡ್ ಎಂಬ ಮಂಡಳಿ ಯಾರು ಎಲ್ಲಿಂದ ಎಲ್ಲಿಗೆ ಹಾರಬೇಕು, ಎಷ್ಟು ತೆಗೆದುಕೊಳ್ಳಬೇಕು ಅಂತ ಗೆರೆ ಎಳೆದಿತ್ತು. ಅಷ್ಟೂ ವರ್ಷಗಳಲ್ಲಿ ಊರೂರು ಸುತ್ತುವ ದೊಡ್ಡ ಕಂಪನಿಗಳ ಸಾಲಿಗೆ ಹೊಸಬರು ಒಬ್ಬರನ್ನೂ ಒಳಗೆ ಬಿಡಲಿಲ್ಲ. ಆದರೆ ಮಂಡಳಿಯ ಕೈ ಒಂದು ರಾಜ್ಯದ ಒಳಗೇ ಹಾರುವವರನ್ನು ಮುಟ್ಟುತ್ತಿರಲಿಲ್ಲ. ಅದರಿಂದ ಬಣ್ಣ ಬಯಲಾಯಿತು. ಬಾಸ್ಟನ್‌ನಿಂದ ವಾಷಿಂಗ್ಟನ್‌ಗೂ, ಲಾಸ್ ಏಂಜಲೀಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೂ ಹೆಚ್ಚುಕಡಿಮೆ ಅಷ್ಟೇ ದೂರ. ಎರಡನೆಯದು ಪೂರ್ತಿ ಕ್ಯಾಲಿಫೋರ್ನಿಯಾದೊಳಗಿನ ಹಾದಿ, ಅಲ್ಲಿ ಪಿಎಸ್‌ಎ ಅನ್ನೋ ಕಂಪನಿ ಸುಮಾರು ಅರ್ಧ ದರಕ್ಕೆ ಹಾರಿಸುತ್ತಿತ್ತು. 1975ರಲ್ಲಿ ಸೆನೆಟರ್ ಎಡ್ವರ್ಡ್ ಕೆನಡಿ ನಡೆಸಿದ ವಿಚಾರಣೆಯಲ್ಲಿ ಈ ಹೋಲಿಕೆಗೆ ಮಂಡಳಿಯ ಹತ್ತಿರ ನೆಟ್ಟಗಿನ ಉತ್ತರ ಇರಲಿಲ್ಲ.

ಆ ಕಾಲದಲ್ಲಿ ಪಕ್ಕದವರು ಎಷ್ಟು ಕೊಟ್ಟರು ಅನ್ನೋ ಜಗಳವೇ ಇರಲಿಲ್ಲ, ನಿಜ. ಯಾಕೆಂದರೆ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ಅಲ್ಲಿಯ ವಿಮಾನಗಳು ಸುಮಾರು ಅರ್ಧ ತುಂಬಿ ಹಾರುತ್ತಿದ್ದವು, ಈಗ ನೂರಕ್ಕೆ ಎಂಬತ್ತು ದಾಟುತ್ತದೆ. ಆ ಖಾಲಿ ಸೀಟಿನ ಬೆಲೆಯೂ ನಿಮ್ಮ ಟಿಕೆಟ್ಟಿನಲ್ಲೇ ಸೇರಿತ್ತು.

ಮೋಸವೇ ಅಂದಿರಲ್ಲ. ಆ ಹಾದಿಯಲ್ಲಿ ಮೂರು ಕಂಪನಿ ಇದ್ದರೆ ಮೋಸ ಅಲ್ಲ. ಒಂದೇ ಇದ್ದರೆ ಅದೇ ಬಕೆಟ್ಟುಗಳಿಂದಲೇ ನಿಮ್ಮ ಜೇಬನ್ನು ತಳದವರೆಗೆ ಬಳಿಯಬಹುದು. ಬಳಿದಿದ್ದೇನೆ.

ಪ್ರ: ಮೊದಲೆಲ್ಲ ವಿಮಾನದಲ್ಲಿ ರಾಜೋಪಚಾರದ ಊಟ ಇರುತ್ತಿತ್ತಂತೆ. ಸ್ಪರ್ಧೆ ಹೆಚ್ಚಾದ ಮೇಲೆ ಊಟ ಯಾಕೆ ಕೆಟ್ಟಿತು?

ಉ: ದರದಲ್ಲಿ ಸ್ಪರ್ಧಿಸುವಂತಿಲ್ಲ ಅಂದಾಗ ತಟ್ಟೆಯಲ್ಲಿ ಸ್ಪರ್ಧಿಸಿದರು. ಅಂತರರಾಷ್ಟ್ರೀಯ ಹಾದಿಗಳಲ್ಲಿ ದರ ಗೊತ್ತುಮಾಡುತ್ತಿದ್ದ ಕಂಪನಿಗಳ ಕೂಟ 1958ರಲ್ಲಿ, ಅಗ್ಗದ ದರ್ಜೆಯವರಿಗೆ ಸ್ಯಾಂಡ್‌ವಿಚ್ ಮಾತ್ರ ಕೊಡಬೇಕು ಅಂತ ಕಟ್ಟಲೆ ಮಾಡಿತು. ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಕಂಪನಿ ಒಂದೇ ಬ್ರೆಡ್ಡಿನ ಮೇಲೆ ಮಾಂಸ, ಮೀನು ಎಲ್ಲ ಪೇರಿಸಿ 'ಇದೂ ಸ್ಯಾಂಡ್‌ವಿಚ್ಚೇ' ಅಂದಿತು. ಅಮೆರಿಕದ ಪ್ಯಾನ್ ಆಮ್ ಕಂಪನಿ ದೂರು ಕೊಟ್ಟು, ಎಸ್‌ಎಎಸ್‌ಗೆ 20,000 ಡಾಲರ್ ದಂಡ ಬಿತ್ತು. ಮುಂದೆ ಅಮೆರಿಕದೊಳಗೆ ಜಂಬೋ ವಿಮಾನದಲ್ಲಿ ಪಿಯಾನೋ ಇಟ್ಟವರೂ ಇದ್ದರು. ದರಕ್ಕೆ ಬೀಗ ಹಾಕಿದ್ದರಿಂದ ಬಂದ ಊಟ, ಬೀಗ ತೆಗೆದ ದಿನವೇ ಹೋಯಿತು. ನನ್ನನ್ನು ಕೇಳಿದರೆ ಬುತ್ತಿ ಒಯ್ಯುವುದೇ ಒಳ್ಳೆಯದು.

ಪ್ರ: ನಾನು ಎಂ.ಎ. ಅರ್ಥಶಾಸ್ತ್ರದ ವಿದ್ಯಾರ್ಥಿನಿ. ಹೊಸಬರು ಬರಬಹುದು ಅನ್ನೋ ಭಯವೇ ಸಾಕು, ಒಂದೇ ಕಂಪನಿ ಇದ್ದರೂ ದರ ಏರಿಸುವುದಿಲ್ಲ ಅಂತ ನಮಗೆ ಪಾಠ. ಹಾಗಿದ್ದರೆ ಅಮೆರಿಕದಲ್ಲಿ ಕೊನೆಗೆ ನಾಲ್ಕೇ ಕಂಪನಿ ಉಳಿದದ್ದು ಹೇಗೆ, ಅಕ್ಕಾ?

ಉ: ಬಾಮಲ್, ಪಾಂಜಾರ್, ವಿಲಿಗ್ 1982ರಲ್ಲಿ ಗ್ರಂಥವಾಗಿ ತಂದ ಸಿದ್ಧಾಂತ ತಾನೇ? ವಿಮಾನಕ್ಕೆ ರೆಕ್ಕೆ ಇದೆ, ಇಲ್ಲಿ ಲಾಭ ಕಂಡರೆ ಇಲ್ಲಿಗೆ ಹಾರುತ್ತದೆ, ಕಾಣದಿದ್ದರೆ ಆಚೆ ಹಾರುತ್ತದೆ, ಹಾಗಾಗಿ ಯಾರೂ ಬಾಲ ಬಿಚ್ಚುವಂತಿಲ್ಲ. ಕೇಳಲಿಕ್ಕೆ ಚೆಂದ. ಆಮೇಲೆ ಹಾದಿ ಹಾದಿಯ ದರ ಅಳೆದವರಿಗೆ ಕಂಡದ್ದು ಬೇರೆ. ಬರಬಹುದಾದವರ ಭಯ ಚೂರುಪಾರು ಕೆಲಸ ಮಾಡುತ್ತದೆ, ನಿಜವಾಗಿ ಬಂದು ಪಕ್ಕದ ಗೇಟಿನಲ್ಲಿ ನಿಂತವರ ಭಯ ದರವನ್ನು ಕೆಡವುತ್ತದೆ. ಸೌತ್‌ವೆಸ್ಟ್ ಎಂಬ ಅಗ್ಗದ ದರದ ಕಂಪನಿ ಕಾಲಿಟ್ಟ ಕಡೆಯೆಲ್ಲ ದರ ಬಿದ್ದು ಪ್ರಯಾಣಿಕರು ಹೆಚ್ಚಾಗುವುದನ್ನು ಕಂಡು ಅಲ್ಲಿಯ ಸಾರಿಗೆ ಇಲಾಖೆಯೇ 1993ರಲ್ಲಿ ಅದಕ್ಕೆ 'ಸೌತ್‌ವೆಸ್ಟ್ ಪರಿಣಾಮ' ಅಂತ ಹೆಸರಿಟ್ಟಿತು.

ವಿಮಾನಕ್ಕೆ ರೆಕ್ಕೆ ಇದೆ ಮಗಳೇ, ಗೇಟಿಗಿಲ್ಲ. ಬೆಳಗಿನ ಹೊತ್ತು ಇಳಿದು ಏರಲು ಸಿಗುವ ಸ್ಲಾಟಿಗಿಲ್ಲ. ಒಂದೇ ಕಂಪನಿಯಲ್ಲಿ ಪದೇ ಪದೇ ಹಾರಿ ಕಾರ್ಡಿನಲ್ಲಿ ಕೂಡಿಟ್ಟ ಮೈಲಿಗಳಿಗಿಲ್ಲ. ಕಂಪ್ಯೂಟರಿನ ಮೊದಲ ಪರದೆಗಂತೂ ಇಲ್ಲವೇ ಇಲ್ಲ.

ಆ ಮೊದಲ ಪರದೆಯ ಕಥೆ ಪರೀಕ್ಷೆಗೆ ಬರದಿದ್ದರೂ ಕೇಳು. ಆಗ ಟಿಕೆಟ್ ಅಂದರೆ ಟ್ರಾವೆಲ್ ಏಜೆಂಟರ ಬಳಿ ಹೋಗಬೇಕು. ಏಜೆಂಟರ ಮೇಜಿನ ಮೇಲಿದ್ದ ಯಂತ್ರ ಬಹಳ ಕಡೆ ಅಮೆರಿಕನ್ ಏರ್‌ಲೈನ್ಸ್‌ನ ಸೇಬರ್, ಇಲ್ಲವೇ ಯುನೈಟೆಡ್‌ನ ಅಪೊಲೊ. ಏಜೆಂಟರು ಮೊದಲ ಪುಟ ದಾಟಿ ನೋಡುವುದು ಅಪರೂಪ, ಹಿಂದೆ ಕ್ಯೂ ಬೆಳೆಯುತ್ತಿರುತ್ತದೆ. ಯಂತ್ರದ ಒಡೆಯರು ತಮ್ಮ ವಿಮಾನಗಳನ್ನು ಮೇಲಿನ ಸಾಲಿಗೆ ಏರಿಸಿ ಎದುರಾಳಿಗಳನ್ನು ಕೆಳಗಿನ ಪುಟಕ್ಕೆ ತಳ್ಳಿದರು. ಕಣ್ಣಿಗೆ ಬೀಳದ ದರ ಎಷ್ಟು ಅಗ್ಗವಾದರೇನು? 1984ರಲ್ಲಿ ಮೇಲೆ ಹೇಳಿದ ಸಿವಿಲ್ ಏರೋನಾಟಿಕ್ಸ್ ಮಂಡಳಿ ಈ ಆಟ ನಿಲ್ಲಿಸುವ ನಿಯಮ ತಂದಿತು. ಅದೇ ವರ್ಷದ ಕೊನೆಗೆ ಮಂಡಳಿಯೇ ಬಾಗಿಲು ಹಾಕಿತು. ಸರ್ಕಾರಿ ಮಂಡಳಿಯೊಂದು ತನ್ನ ಕೆಲಸ ಮುಗಿಯಿತು ಅಂತ ದೀಪ ಆರಿಸಿ ಹೋದದ್ದನ್ನು ನೀವು ಎಷ್ಟು ಕಡೆ ಕೇಳಿದ್ದೀರಿ?

ದೀಪ ಆರಿಸುವ ಕೆಲಸ ಶುರುಮಾಡಿದ್ದು ಆಲ್ಫ್ರೆಡ್ ಕಾನ್, ನಿನ್ನಂತೆಯೇ ಅರ್ಥಶಾಸ್ತ್ರದವರು, 1977ರಲ್ಲಿ ಮಂಡಳಿಯ ಅಧ್ಯಕ್ಷರಾಗಿ ಬಂದವರು. ಒಂದು ವಿಮಾನಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯದು, ತಮಗೆ ಅವೆಲ್ಲ ರೆಕ್ಕೆ ಬಂದ ಸೀಮಾಂತ ವೆಚ್ಚಗಳು (ಇನ್ನೊಂದನ್ನು ಹೆಚ್ಚಿಗೆ ಒದಗಿಸಲು ಆಗುವ ಖರ್ಚು) ಅಂತ ಅವರು ನಗೆಯಾಡಿದ್ದುಂಟು. ಅಧ್ಯಕ್ಷ ಕಾರ್ಟರ್ 1978ರ ಅಕ್ಟೋಬರ್ 24ರಂದು ಕಾನೂನಿಗೆ ಸಹಿ ಹಾಕಿದರು. ಯಾರೂ ಹಾರಿಸದೆ ಬಿಟ್ಟ ಹಾದಿಗಳು ಮೊದಲು ಬಂದವರಿಗೆ ಅಂತ ಅದರಲ್ಲಿ ಇದ್ದದ್ದರಿಂದ, ಸಹಿ ಬೀಳುವ ಮೊದಲೇ ಮಂಡಳಿಯ ಕಚೇರಿಯ ಹೊರಗೆ ಕಂಪನಿಗಳ ಜನ ಸರದಿಯಲ್ಲಿ ಠಿಕಾಣಿ ಹೂಡಿದ್ದರು. ಬ್ರಾನಿಫ್ ಎಂಬ ಕಂಪನಿ ನೂರಾರು ಹಾದಿಗಳನ್ನು ಬಾಚಿಕೊಳ್ಳಲು ನೋಡಿತು. ಹೊಟ್ಟೆಗಿಂತ ತುತ್ತು ದೊಡ್ಡದಾಗಿ 1982ರ ಮೇನಲ್ಲಿ ದಿವಾಳಿ.

ದಿವಾಳಿಗೆ ಸ್ವಲ್ಪ ಮೊದಲು ಅಮೆರಿಕನ್ ಏರ್‌ಲೈನ್ಸ್‌ನ ಅಧ್ಯಕ್ಷ ರಾಬರ್ಟ್ ಕ್ರ್ಯಾಂಡಲ್ ಬ್ರಾನಿಫ್‌ನ ಮುಖ್ಯಸ್ಥ ಹೊವಾರ್ಡ್ ಪಟ್ನಮ್‌ಗೆ ಫೋನಿನಲ್ಲಿ, ನೀನು ದರವನ್ನು ನೂರಕ್ಕೆ ಇಪ್ಪತ್ತು ಏರಿಸು, ಮರುದಿನ ಬೆಳಿಗ್ಗೆ ನಾನೂ ಏರಿಸುತ್ತೇನೆ ಅಂದರು, ನಡುವೆ ಒಂದು ಬೈಗುಳ ಸೇರಿಸಿ. ಪಟ್ನಮ್ ಅದನ್ನು ಟೇಪ್ ಮಾಡಿಕೊಂಡು ಸರ್ಕಾರಕ್ಕೆ ಕೊಟ್ಟರು. ನಾನು ಕೆಲಸ ಕಲಿಯುವಾಗ ಹಿರಿಯರು ಹೇಳಿದ ಮೊದಲ ಬುದ್ಧಿ ಇದು: ಎದುರು ಕಂಪನಿಯವರ ಫೋನ್ ಬಂದರೆ ಹವಾಮಾನ ಮಾತಾಡಿ ಇಡಬೇಕು. ಆಮೇಲೆ ಫೋನಿನ ಅಗತ್ಯವೂ ಉಳಿಯಲಿಲ್ಲ. ಎಲ್ಲ ಕಂಪನಿಗಳೂ ದರ ಫೈಲ್ ಮಾಡುವ ಸಾಮಾನ್ಯ ಕಂಪ್ಯೂಟರಿನಲ್ಲಿ 'ಈ ದರ ಮುಂದಿನ ತಿಂಗಳಿಂದ' ಅಂತ ಬರೆದಿಟ್ಟು ಉಳಿದವರು ಒಪ್ಪುತ್ತಾರೋ ಅಂತ ಕಾಯುವುದು, ಒಪ್ಪದಿದ್ದರೆ ತೆಗೆದುಹಾಕುವುದು. ನ್ಯಾಯ ಇಲಾಖೆ 1992ರಲ್ಲಿ ಇದರ ಮೇಲೆ ಮೊಕದ್ದಮೆ ಹೂಡಿತು, 1994ರಲ್ಲಿ ರಾಜಿಯಾಗಿ ನಿಂತಿತು.

ನಾಲ್ಕು ಕಂಪನಿಯಾದದ್ದು ಇನ್ನೂ ಸರಳ: ಮದುವೆಗಳಿಂದ. 1986ರಲ್ಲಿ ನಾರ್ತ್‌ವೆಸ್ಟ್ ತನ್ನ ಮಿನಿಯಾಪೊಲಿಸ್‌ನಲ್ಲೇ ಎದುರಾಳಿಯಾಗಿದ್ದ ರಿಪಬ್ಲಿಕ್‌ಅನ್ನು, ಟಿಡಬ್ಲ್ಯುಎ ತನ್ನ ಸೇಂಟ್ ಲೂಯಿಸ್‌ನಲ್ಲೇ ಎದುರಾಳಿಯಾಗಿದ್ದ ಓಜಾರ್ಕ್‌ಅನ್ನು ನುಂಗಿದವು. ನ್ಯಾಯ ಇಲಾಖೆ ಬೇಡ ಅಂದರೂ ಸಾರಿಗೆ ಇಲಾಖೆ ಅಸ್ತು ಅಂದಿತು. 2008ರಿಂದ 2013ರೊಳಗೆ ಡೆಲ್ಟಾ, ಯುನೈಟೆಡ್, ಸೌತ್‌ವೆಸ್ಟ್, ಅಮೆರಿಕನ್ ಒಂದೊಂದು ಕಂಪನಿಯನ್ನು ಸೇರಿಸಿಕೊಂಡು ದೇಶದೊಳಗಿನ ವ್ಯಾಪಾರದಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲನ್ನು ಹಂಚಿಕೊಂಡವು. ಕಾನ್ ಅವರೇ ವಿಲೀನಗಳನ್ನು ಹೀಗೆ ಬಿಟ್ಟದ್ದಕ್ಕೆ ಸರ್ಕಾರವನ್ನು ದೂರಿದ್ದರು. ಹಾಗಂತ ತಡೆದರೆ ಎಲ್ಲ ಸರಿ ಅಂತಲೂ ಅಲ್ಲ. 2024ರ ಜನವರಿಯಲ್ಲಿ ಜೆಟ್‌ಬ್ಲೂ–ಸ್ಪಿರಿಟ್ ವಿಲೀನವನ್ನು ಕೋರ್ಟು ತಡೆಯಿತು, ಅದೇ ನವೆಂಬರಿನಲ್ಲಿ ಸ್ಪಿರಿಟ್ ದಿವಾಳಿ ಅರ್ಜಿ ಹಾಕಿತು. ಇದರಲ್ಲಿ ಯಾರು ಸರಿ ಅಂತ ನಿನ್ನ ಮೇಷ್ಟ್ರನ್ನೇ ಕೇಳು.

ಪ್ರ: ಟಿಕೆಟ್ ಅಗ್ಗವಾದರೆ ರಿಪೇರಿಯಲ್ಲಿ ಉಳಿಸುತ್ತಾರೆ ಅನ್ನೋದು ನನ್ನ ಹೆದರಿಕೆ. ಸರಿಯೇ?

ಉ: 1978ರಲ್ಲಿ ಬಿಟ್ಟದ್ದು ದರ ಮತ್ತು ಹಾದಿಯ ಹಿಡಿತ. ರಿಪೇರಿ, ಪೈಲಟ್, ಯಂತ್ರಗಳ ಮೇಲಿನ ಹಿಡಿತ ಬೇರೆಯೇ ಸಂಸ್ಥೆಯದು, ಅದನ್ನು ಸಡಿಲ ಮಾಡಲಿಲ್ಲ. ಸಾವಿನ ಪ್ರಮಾಣ ಆಮೇಲೂ ಇಳಿಯುತ್ತಲೇ ಬಂತು. ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. 2009ರ ಫೆಬ್ರವರಿಯಲ್ಲಿ ಬಫಲೋ ಬಳಿ ಬಿದ್ದು ಐವತ್ತು ಜನ ಸತ್ತ ವಿಮಾನದ ಟಿಕೆಟ್ಟಿನ ಮೇಲೆ ಕಾಂಟಿನೆಂಟಲ್ ಹೆಸರಿತ್ತು, ಹಾರಿಸಿದ್ದು ಗುತ್ತಿಗೆ ಹಿಡಿದ ಕೋಲ್ಗನ್ ಎಂಬ ಚಿಕ್ಕ ಕಂಪನಿ. ಪೈಲಟ್‌ಗಳ ದಣಿವು, ಪುಡಿ ಸಂಬಳ ಎಲ್ಲ ತನಿಖೆಯಲ್ಲಿ ಹೊರಬಿತ್ತು. ಆಮೇಲೆ ಸಹ ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟದ ಅನುಭವ ಬೇಕೆಂಬ ನಿಯಮ ಬಂತು.

ಪ್ರ: ದರ ಮಾರುಕಟ್ಟೆಗೆ ಬಿಡಬಹುದು ಅನ್ನುತ್ತೀರಿ. ಹಾಗಾದರೆ ಸೆಕ್ಯುರಿಟಿ ಯಾಕೆ ಸರ್ಕಾರದ ಕೈಯಲ್ಲಿ? ಖಾಸಗಿಯವರಿಗೆ ಕೊಟ್ಟರೆ ಕ್ಯೂ ಬೇಗ ಸಾಗದೇ?

ಉ: ಕೊಟ್ಟಿದ್ದರು, ಸ್ವಾಮಿ. ಮೂವತ್ತು ವರ್ಷ ಹತ್ತಿರ.

ಅರವತ್ತರ ದಶಕದ ಕೊನೆಗೆ ಅಮೆರಿಕದಲ್ಲಿ ವಿಮಾನ ಅಪಹರಣ ವಾರದ ಸುದ್ದಿಯಾಗಿತ್ತು. 1973ರ ಜನವರಿ 5ರಿಂದ ಎಲ್ಲ ಪ್ರಯಾಣಿಕರ ತಪಾಸಣೆ ಕಡ್ಡಾಯವಾಯಿತು. ಮಾಡಿಸುವ ಹೊಣೆ ವಿಮಾನ ಕಂಪನಿಗಳದ್ದು. ಕಂಪನಿಗಳು ಅದನ್ನು ಕಡಿಮೆಗೆ ಕೂಗಿದವರಿಗೆ ಗುತ್ತಿಗೆ ಕೊಟ್ಟವು. ಪಕ್ಕದಲ್ಲೇ ಬರ್ಗರ್ ಮಾರುವವರಿಗೆ ಇವರಿಗಿಂತ ಹೆಚ್ಚು ಸಂಬಳ. ಅಮೆರಿಕದ ಸರ್ಕಾರಿ ಲೆಕ್ಕ ಪರಿಶೋಧಕರು 1998–99ರಲ್ಲಿ ಹತ್ತೊಂಬತ್ತು ದೊಡ್ಡ ನಿಲ್ದಾಣಗಳನ್ನು ನೋಡಿದಾಗ, ತಪಾಸಣೆಯವರು ಕೆಲಸ ಬಿಡುವ ಪ್ರಮಾಣ ವರ್ಷಕ್ಕೆ ಸರಾಸರಿ ನೂರಕ್ಕೆ 126. ಸೇಂಟ್ ಲೂಯಿಸ್‌ನಲ್ಲಿ 416. ಒಂದೇ ಸ್ಟೂಲಿನ ಮೇಲೆ ವರ್ಷಕ್ಕೆ ನಾಲ್ಕು ಬಾರಿ ಹೊಸ ಮುಖ. ಎಕ್ಸ್‌-ರೇ ಪರದೆಯ ಮೇಲಿನ ನೆರಳು ಚಾಕುವೋ ಬಾಚಣಿಗೆಯೋ ಅಂತ ಕಣ್ಣು ಪಳಗುವ ಹೊತ್ತಿಗೆ ಅವರು ಬರ್ಗರ್ ಅಂಗಡಿ ಸೇರಿರುತ್ತಿದ್ದರು.

ಕಂಪನಿಗಳೇನು ರಾಕ್ಷಸರಲ್ಲ. ನಾನೇ ಕೆಲಸ ಮಾಡಿದ ಕಡೆ ವರ್ಷದ ಬಜೆಟ್ ಬಂದಾಗ ಕ್ಲೀನಿಂಗ್, ಟ್ರಾಲಿ ಎಳೆಯುವವರು, ಗಾರ್ಡುಗಳು, ಮೂರೂ ಒಂದೇ ಎಕ್ಸೆಲ್ ಪುಟದಲ್ಲಿ ಇರುತ್ತಿದ್ದವು. ಮೇಲೆ ಒಂದು ಟಿಪ್ಪಣಿ: ಈ ಪುಟದಲ್ಲಿ ನೂರಕ್ಕೆ ಎಂಟು ಉಳಿಸಿ. ಗಾರ್ಡಿನ ಸಾಲಿನಲ್ಲಿ ಉಳಿಸಿದರೆ ಯಾವ ಪ್ರಯಾಣಿಕರಿಗೂ ಗೊತ್ತಾಗುವುದಿಲ್ಲ. ಶೌಚಾಲಯದ ಸಾಲಿನಲ್ಲಿ ಉಳಿಸಿದರೆ ಮರುದಿನವೇ ದೂರು. ಎಲ್ಲಿ ಉಳಿಸಿದೆವು ಅಂತ ಬೇರೆ ಹೇಳಬೇಕೇ? ಬಿಡಿಸಿ ಬಿಡಿಸಿ ದರ ಹೋಲಿಸುವ ನೀವು, ಯಾರ ಎಕ್ಸ್‌-ರೇ ಚೆನ್ನಾಗಿದೆ ಅಂತ ನೋಡಿ ಟಿಕೆಟ್ ಕೊಂಡದ್ದುಂಟೇ?

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. 1988ರ ಡಿಸೆಂಬರ್ 21ರಂದು ಲಾಕರ್‌ಬಿ ಮೇಲೆ ಸಿಡಿದ ಪ್ಯಾನ್ ಆಮ್ ವಿಮಾನದ ಬಾಂಬು, ವಿಚಾರಣೆಯಲ್ಲಿ ಸಾಬೀತಾದಂತೆ, ಮಾಲ್ಟಾದಲ್ಲಿ ಬೇರೊಂದು ಕಂಪನಿಯ ವಿಮಾನ ಹತ್ತಿದ ಸೂಟ್‌ಕೇಸಿನಲ್ಲಿತ್ತು. ಫ್ರಾಂಕ್‌ಫರ್ಟಿನಲ್ಲಿ ದಾಟಿ, ಲಂಡನ್ನಿನಲ್ಲಿ ದಾಟಿ, ಮೂರನೇ ವಿಮಾನದಲ್ಲಿ ಸಿಡಿಯಿತು. ಸತ್ತವರು, ನೆಲದ ಮೇಲಿದ್ದವರೂ ಸೇರಿ, 270. ಕುನ್‌ರಾಯ್ಥರ್ ಮತ್ತು ಹೀಲ್ ಎಂಬ ಅರ್ಥಶಾಸ್ತ್ರಜ್ಞರು 2003ರಲ್ಲಿ ಬರೆದ ಲೇಖನಕ್ಕೆ ಇದೇ ಬುನಾದಿ. ನನ್ನ ಬಾಗಿಲಿಗೆ ನಾನು ಎಷ್ಟೇ ಭದ್ರ ಅಗುಳಿ ಹಾಕಲಿ, ಇನ್ನೊಬ್ಬರು ತಪಾಸಣೆ ಮಾಡಿ ಕಳಿಸಿದ ಪೆಟ್ಟಿಗೆ ನನ್ನ ವಿಮಾನದ ಹೊಟ್ಟೆಯೊಳಗೇ ಬರುತ್ತದೆ. ಅವರು ಖರ್ಚು ಮಾಡದಿದ್ದರೆ ನನ್ನ ಖರ್ಚೂ ನೀರುಪಾಲು. ಹಾಗಿರುವಾಗ ಮೊದಲು ಯಾರು ಖರ್ಚು ಮಾಡುತ್ತಾರೆ?

2001ರ ಸೆಪ್ಟೆಂಬರ್ 11 ಆದ ಮೇಲೆ, ನವೆಂಬರ್ 19ಕ್ಕೆ ಕಾನೂನಾಗಿ ತಪಾಸಣೆ ಟಿಎಸ್‌ಎ ಎಂಬ ಸರ್ಕಾರಿ ಸಂಸ್ಥೆಗೆ ಹೋಯಿತು. ಆದರೂ ಸ್ಯಾನ್ ಫ್ರಾನ್ಸಿಸ್ಕೋದಂಥ ಕೆಲವು ನಿಲ್ದಾಣಗಳಲ್ಲಿ ಟಿಎಸ್‌ಎ ನಿಯಮದ ಕೆಳಗೆ ಖಾಸಗಿಯವರೇ ತಪಾಸಣೆ ಮಾಡುತ್ತಾರೆ. ಯೂನಿಫಾರ್ಮ್ ಯಾರದ್ದು ಅನ್ನೋದು ನನಗೆ ಸಣ್ಣ ವಿಷಯ. ಮಟ್ಟ ಯಾರು ಗೊತ್ತುಮಾಡುತ್ತಾರೆ, ದುಡ್ಡು ಯಾವ ಪುಟದಿಂದ ಬರುತ್ತದೆ ಅನ್ನೋದು ದೊಡ್ಡದು.

ದುಡ್ಡಿನ ಮಾತು ಬಂದದ್ದರಿಂದ ಒಂದು ತಮಾಷೆ. 2008ರಲ್ಲಿ ಇಂಧನ ಗಗನಕ್ಕೇರಿದಾಗ ಅಮೆರಿಕನ್ ಮೊದಲ ಲಗೇಜಿಗೇ 15 ಡಾಲರ್ ಶುಲ್ಕ ಹಾಕಿತು, ಬಹುತೇಕ ಕಂಪನಿಗಳು ಹಿಂಬಾಲಿಸಿದವು. ಟಿಕೆಟ್ ದರದ ಮೇಲೆ ನೂರಕ್ಕೆ ಏಳೂವರೆ ತೆರಿಗೆ ಉಂಟು, ಲಗೇಜ್ ಶುಲ್ಕದ ಮೇಲೆ ಇಲ್ಲ. ನನ್ನ ಮೇಜಿನವರಿಗೆ ಇದಕ್ಕಿಂತ ಸಿಹಿ ಏನಿದೆ? ಪರದೆಯ ಮೇಲೆ ದರ ಅಗ್ಗ, ತೆರಿಗೆಯೂ ಕಡಿಮೆ. ಪ್ರಯಾಣಿಕರೂ ಪೆದ್ದರಲ್ಲ, ಇದ್ದದ್ದನ್ನೆಲ್ಲ ಕೈಚೀಲಕ್ಕೆ ತುರುಕಿದರು. ಆ ಉಬ್ಬಿದ ಚೀಲಗಳೆಲ್ಲ ತಪಾಸಣೆಯ ಮೇಜಿಗೆ ಬಂದವು. ಆಂತರಿಕ ಭದ್ರತಾ ಸಚಿವೆ ಜಾನೆಟ್ ನಪೊಲಿಟಾನೊ 2011ರಲ್ಲಿ ಸಂಸತ್ತಿಗೆ ಹೇಳಿದ ಲೆಕ್ಕ: ಇದರಿಂದ ಟಿಎಸ್‌ಎಗೆ ವರ್ಷಕ್ಕೆ 26 ಕೋಟಿ ಡಾಲರ್ ಹೆಚ್ಚುವರಿ ಖರ್ಚು. ಶುಲ್ಕ ಕಂಪನಿಗೆ, ಹೊರೆ ತಪಾಸಣೆಗೆ, ಕ್ಯೂ ನಿಮಗೆ.

ಪ್ರ: ಬೂಟು ಬಿಚ್ಚಿ, ಬೆಲ್ಟ್ ಬಿಚ್ಚಿ, ನೀರು ಚೆಲ್ಲಿ ಸಾಕಾಗಿದೆ. ಇದರಿಂದ ನಿಜಕ್ಕೂ ಏನಾದರೂ ಉಪಯೋಗ?

ಉ: ಬೂಟಿಗೆ ಕಾರಣ ರಿಚರ್ಡ್ ರೀಡ್. 2001ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಿಂದ ಮಯಾಮಿಗೆ ಹೊರಟ ವಿಮಾನದಲ್ಲಿ ಬೂಟಿನೊಳಗಿನ ಸ್ಫೋಟಕಕ್ಕೆ ಬೆಂಕಿ ಹಚ್ಚಲು ಹೋದವನು. ಒಬ್ಬನ ಬೂಟಿನಿಂದ ಕೋಟಿಗಟ್ಟಲೆ ಜನ ಬರಿಗಾಲಲ್ಲಿ ನಿಂತರು. ಅಮೆರಿಕದಲ್ಲಿ ಆ ನಿಯಮ ಹೋದದ್ದು 2025ರ ಜುಲೈನಲ್ಲಿ. ನೀರಿನ 100 ಮಿಲಿಲೀಟರ್ ಕಟ್ಟಲೆ 2006ರ ಸಂಚೊಂದರ ಫಲ.

ಉಪಯೋಗವನ್ನು ನಾನು ಅಳೆಯುವುದು ಕ್ಯೂ ಬಿಟ್ಟು ಹೋದವರಿಂದ. ಲಗೇಜ್ ತಪಾಸಣೆ ಬಿಗಿಯಾದ ಮೇಲೆ ಅಮೆರಿಕದ ಐವತ್ತು ದೊಡ್ಡ ನಿಲ್ದಾಣಗಳಲ್ಲಿ ಪ್ರಯಾಣಿಕರು ಸುಮಾರು ನೂರಕ್ಕೆ ಒಂಬತ್ತು ಕಡಿಮೆಯಾದರು ಅಂತ ಕಾರ್ನೆಲ್‌ನ ಸಂಶೋಧಕರು 2007ರಲ್ಲಿ ಲೆಕ್ಕ ಕೊಟ್ಟರು. ಅವರೆಲ್ಲ ಮನೆಯಲ್ಲಿ ಕೂರಲಿಲ್ಲ, ಎಷ್ಟೋ ಜನ ಕಾರು ಹತ್ತಿದರು. ಕಾರು ವಿಮಾನಕ್ಕಿಂತ ಎಷ್ಟೋ ಪಾಲು ಅಪಾಯ. ಸೆಪ್ಟೆಂಬರ್ 11ರ ನಂತರದ ಒಂದು ವರ್ಷದಲ್ಲಿ ಹೀಗೆ ರಸ್ತೆಯಲ್ಲಿ ಹೆಚ್ಚುವರಿಯಾಗಿ ಸತ್ತವರು ಸುಮಾರು 1,500 ಅಂತ ಜರ್ಮನಿಯ ಗೆರ್ಡ್ ಗಿಗರೆನ್‌ಸರ್ ಅಂದಾಜು ಮಾಡಿದ್ದಾರೆ. ಆ ಸಾವುಗಳಿಗೆ ಹೆದರಿಕೆಯೂ ಕಾರಣ, ಕ್ಯೂ ಒಂದೇ ಅಲ್ಲ. ಆದರೆ ಅವರ ಹೆಸರು ಯಾವ ಸ್ಮಾರಕದಲ್ಲೂ ಇಲ್ಲ.

ಪಟ್ಟಿಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಅಂದರೆ ನಾನು ಕಾಕ್‌ಪಿಟ್ಟಿನ ಬಾಗಿಲು ಉಳಿಸುತ್ತೇನೆ. 2003ರ ಏಪ್ರಿಲ್ ಒಳಗೆ ಅಲ್ಲಿಯ ಪ್ರಯಾಣಿಕ ವಿಮಾನಗಳಿಗೆಲ್ಲ ಗುಂಡಿಗೂ ಜಗ್ಗದ ಬಾಗಿಲು ಬಂತು. ಒಮ್ಮೆ ಖರ್ಚು, ಕ್ಯೂ ಇಲ್ಲ, ಯಾರ ಬೂಟೂ ಬಿಚ್ಚಿಸಬೇಕಿಲ್ಲ. ಅಷ್ಟು ನೆಚ್ಚಿದ ಬಾಗಿಲೇ 2015ರ ಮಾರ್ಚಿನಲ್ಲಿ ಜರ್ಮನ್‌ವಿಂಗ್ಸ್ ವಿಮಾನದಲ್ಲಿ, ಸಹ ಪೈಲಟ್ ಒಳಗಿನಿಂದ ಅಗುಳಿ ಹಾಕಿಕೊಂಡು ಬೆಟ್ಟಕ್ಕೆ ಡಿಕ್ಕಿ ಹೊಡೆಸುವಾಗ ಕ್ಯಾಪ್ಟನ್‌ನನ್ನು ಹೊರಗೆ ನಿಲ್ಲಿಸಿತು. 150 ಜನ. ಹಾಗಿದ್ದೂ ನನ್ನ ಮತ ಬಾಗಿಲಿಗೇ.

ಪ್ರ: ಇದೆಲ್ಲ ಇರಲಿ ಮೇಡಂ. ಟಿಕೆಟ್ ಯಾವಾಗ ಕೊಂಡರೆ ಅಗ್ಗ? ಒಂದೇ ಸಾಲಿನಲ್ಲಿ ಹೇಳಿ.

ಉ: 'ವಿ' ಸೊನ್ನೆಗೆ ಬರುವ ಹಿಂದಿನ ದಿನ.